ರಿಂಗಿನ ಕೆಳಗೊಬ್ಬ ಬ್ಲಾಕರ್: ನಮ್ಮ ದಾಳಿ ಕೆಟ್ಟಿರುವುದು ಎಲ್ಲಿ?

ಲಕ್ಷಣ ಹೀಗಿರುತ್ತದೆ. ಬ್ಯಾಸ್ಕೆಟ್‌ಬಾಲ್ ಪಂದ್ಯ. ಎದುರಾಳಿ ತಂಡದಲ್ಲಿ ಎತ್ತರದ ಸೆಂಟರ್ (ರಿಂಗಿನ ಬಳಿ ಆಡುವವನು) ಒಬ್ಬನಿದ್ದಾನೆ. ಮೊದಲ ಕ್ವಾರ್ಟರ್‌ನಲ್ಲಿ ನಿಮ್ಮ ಗಾರ್ಡ್‌ನ (ಹೊರಗಿನಿಂದ ಚೆಂಡು ನಡೆಸುವವನು) ಎರಡು ಲೇಅಪ್‌ಗಳನ್ನು (ರಿಂಗಿನ ಬಳಿಗೆ ಓಡಿಬಂದು ಹಾಕುವ ಎಸೆತ) ನೊಣ ಹೊಡೆದಂತೆ ಹೊಡೆದು ಹಾಕಿದ. ಅಲ್ಲಿಂದ ಮುಂದೆ ನಿಮ್ಮವರು ಒಳಗೆ ನುಗ್ಗುತ್ತಿಲ್ಲ, ನುಗ್ಗಿದರೂ ರಿಂಗಿನ ಕಡೆ ಕಣ್ಣೆತ್ತುತ್ತಿಲ್ಲ, ಹೊರಗಿನಿಂದ ಎಸೆದದ್ದು ಬೀಳುತ್ತಿಲ್ಲ. ಟೈಮ್‌ಔಟ್‌ನಲ್ಲಿ ಕೇಳಿದರೆ ಐವರದೂ ಒಂದೇ ಉತ್ತರ: "ಸರ್, ಅವನು ಎಲ್ಲವನ್ನೂ ಬ್ಲಾಕ್ ಮಾಡುತ್ತಾನೆ."

ಎಲ್ಲವನ್ನೂ ಯಾರೂ ಬ್ಲಾಕ್ ಮಾಡುವುದಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಬ್ಲಾಕ್‌ಗಳ ಲೆಕ್ಕ ಇಡತೊಡಗಿದ್ದು 1973-74ರಲ್ಲಿ. ಅಂದಿನಿಂದ ಇಂದಿನವರೆಗೆ ಒಂದು ಋತುವಿನ ಅತಿ ದೊಡ್ಡ ಸರಾಸರಿ ಯೂಟಾ ಜಾಝ್ ತಂಡದ ಮಾರ್ಕ್ ಈಟನ್ ಅವರದು: 1984-85ರಲ್ಲಿ ಪಂದ್ಯಕ್ಕೆ 5.56. ಈಟನ್ ಅವರ ಎತ್ತರ 7 ಅಡಿ 4 ಅಂಗುಲ. ಆ ಮಟ್ಟದಲ್ಲಿ ಒಂದು ತಂಡ ಪಂದ್ಯವೊಂದಕ್ಕೆ 80ಕ್ಕೂ ಹೆಚ್ಚು ಬಾರಿ ರಿಂಗಿಗೆ ಎಸೆಯುತ್ತದೆ. ಅಂದರೆ ಇತಿಹಾಸದ ಅತ್ಯುತ್ತಮ ಋತುವಿನಲ್ಲಿ, ಅಷ್ಟೆತ್ತರದ ಮನುಷ್ಯನ ಕೈಗೂ ಸಿಗದೆ ಪಂದ್ಯಕ್ಕೆ 70ಕ್ಕೂ ಹೆಚ್ಚು ಎಸೆತಗಳು ಪಾರಾಗುತ್ತಿದ್ದವು. ಆದರೂ ಅವರೆದುರು ಆಡುವುದು ತಂಡಗಳಿಗೆ ಕಷ್ಟವಾಗುತ್ತಿತ್ತು. ನಾವು ಹುಡುಕಬೇಕಾದ ದೋಷ ಇರುವುದು ಆ ಪಾರಾದ ಎಸೆತಗಳಲ್ಲಿ, ಮತ್ತು ಎಸೆಯದೇ ಬಿಟ್ಟವುಗಳಲ್ಲಿ.

ಮೊದಲು ಎಣಿಸಿ

ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿದ ಪಂದ್ಯ ಇದ್ದರೆ ಸಾಕು. ಹಾಳೆಯ ಮೇಲೆ ಎರಡು ಗೆರೆ ಎಳೆದು ಮೂರು ಮನೆ ಮಾಡಿಕೊಳ್ಳಿ. ಮೊದಲ ಮನೆಯಲ್ಲಿ, ಅವನ ಕೈ ನಿಜವಾಗಿ ಚೆಂಡಿಗೆ ತಾಗಿದ ಎಸೆತಗಳು. ಎರಡನೆಯದರಲ್ಲಿ, ಅವನ ಕೈ ಕಂಡು ಗಡಿಬಿಡಿಯಲ್ಲಿ ಎಸೆದು ತಪ್ಪಿದವು. ಮೂರನೆಯದು ಸ್ಕೋರ್‌ಶೀಟಿನಲ್ಲಿ ಎಲ್ಲೂ ಸಿಗದ ಲೆಕ್ಕ: ಡ್ರೈವ್ ಮಾಡಿ (ಚೆಂಡು ಪುಟಿಸುತ್ತ ನುಗ್ಗಿ) ರಿಂಗಿನ ಮುಂದೆ ನೆಲದ ಮೇಲೆ ಗೆರೆ ಎಳೆದ ಆಯತದೊಳಗೆ ಕಾಲಿಟ್ಟವನು ಎಸೆಯದೆ, ಒಳಗೆ ಯಾರಿಗೂ ಪಾಸ್ ಕೊಡದೆ, ಸುಮ್ಮನೆ ತಿರುಗಿ ಹೊರಬಂದದ್ದು ಎಷ್ಟು ಬಾರಿ?

ನಾನು ಈ ಹಾಳೆ ತುಂಬಿಸಿದಾಗಲೆಲ್ಲ ಮೂರನೆಯ ಮನೆಯೇ ಮೊದಲು ತುಂಬಿದೆ. ಬ್ಲಾಕ್ ಆದ ಚೆಂಡು ಪ್ರೇಕ್ಷಕರ ಕಣ್ಣಿಗೆ ಬೀಳುತ್ತದೆ, ಸದ್ದು ಮಾಡುತ್ತದೆ. ತಿರುಗಿ ಹೊರಬಂದ ಡ್ರೈವ್ ಸದ್ದು ಮಾಡುವುದಿಲ್ಲ, ಆದರೆ ಒಂದು ದಾಳಿಗೆ ಸಿಗುವ 24 ಸೆಕೆಂಡಿನ ಗಡಿಯಾರದಲ್ಲಿ ಹತ್ತು ಹನ್ನೆರಡು ಸೆಕೆಂಡ್ ನುಂಗಿಬಿಡುತ್ತದೆ. ಕೊನೆಗೆ ಸಿಗುವುದು ಮೂರು ಸೆಕೆಂಡ್ ಉಳಿದಾಗ ಯಾರೋ ಕೈಗೆ ಬಂದಂತೆ ಬೀಸಿದ ಎಸೆತ. ಅದು ತಪ್ಪಿದರೆ "ನಮ್ಮ ಶೂಟಿಂಗ್ ಸರಿಯಿಲ್ಲ" ಎಂದು ಬರೆದುಕೊಳ್ಳುತ್ತೇವೆ. ಕಾಯಿಲೆ ಒಂದು ಕಡೆ, ಮುಲಾಮು ಇನ್ನೊಂದು ಕಡೆ.

ಮೊದಲ ಮನೆಯನ್ನು ತುಂಬುವಾಗ ಪಕ್ಕದಲ್ಲೇ ಇನ್ನೊಂದು ಗುರುತು ಹಾಕಿ: ಬ್ಲಾಕ್ ಆದ ಚೆಂಡು ಎಲ್ಲಿಗೆ ಹೋಯಿತು? ಗೆರೆಯಾಚೆ ಹೋಗಿದ್ದರೆ ಚೆಂಡು ನಿಮ್ಮದೇ, ನಷ್ಟ ಸಣ್ಣದು. ಬೋಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಅವರ ಕಾಲದಲ್ಲಿ ಬ್ಲಾಕ್‌ಗಳ ಅಧಿಕೃತ ಲೆಕ್ಕವೇ ಇರಲಿಲ್ಲ. ಆದರೂ ಅವರ ಬಗ್ಗೆ ಇಂದಿಗೂ ಹೇಳುವ ಮಾತು, ಅವರು ಚೆಂಡನ್ನು ಹೊರಗೆ ಬಡಿಯುವ ಬದಲು ತಮ್ಮವರ ಕೈಗೆ ಸಿಗುವಂತೆ ತಟ್ಟುತ್ತಿದ್ದರು ಎಂಬುದು. ನಿಮ್ಮ ಎದುರಿನವನೂ ಅಂಥವನಾದರೆ ಒಂದೊಂದು ಬ್ಲಾಕ್ ಕೂಡ ಅವರ ಫಾಸ್ಟ್ ಬ್ರೇಕ್‌ನ (ವೇಗದ ಪ್ರತಿದಾಳಿ) ಮೊದಲ ಪಾಸ್. ಅಂಥ ಪಂದ್ಯದಲ್ಲಿ ಡ್ರೈವ್ ಶುರುವಾದ ಕ್ಷಣವೇ ಒಬ್ಬ ಗಾರ್ಡ್ ಅರ್ಧಗೆರೆಯ ಕಡೆ ಹಿಂದೆ ಸರಿಯಬೇಕು. ಇನ್ನೊಂದು ವಿಷಯವನ್ನು ಹುಡುಗರು ಪದೇ ಪದೇ ಮರೆಯುತ್ತಾರೆ: ಬ್ಲಾಕ್ ಆದ ಚೆಂಡು ರಿಂಗಿಗೆ ತಾಗದೆ ಮತ್ತೆ ನಿಮ್ಮ ಕೈಗೇ ಬಂದರೆ ಗಡಿಯಾರ ಹೊಸದಾಗಿ ಶುರುವಾಗುವುದಿಲ್ಲ. ಉಳಿದಷ್ಟೇ ಸೆಕೆಂಡ್.

ಅವನ ಕೈ ನೋಡಬೇಡಿ, ಕಾಲು ನೋಡಿ

ಈಗ ಮುಖ್ಯ ಪರೀಕ್ಷೆ. ವಿಡಿಯೊವನ್ನು ಪ್ರತಿ ಬ್ಲಾಕ್‌ಗೂ ಒಂದು ಸೆಕೆಂಡ್ ಮೊದಲು ನಿಲ್ಲಿಸಿ. ಚೆಂಡನ್ನೂ ಡ್ರೈವ್ ಮಾಡುವವನನ್ನೂ ಮರೆತುಬಿಡಿ. ಬ್ಲಾಕರ್‌ನ ಪಾದ ಎಲ್ಲಿದೆ? ಅವನು ಕಾಯಬೇಕಾದ ನಿಮ್ಮ ಆಟಗಾರ ಎಲ್ಲಿ ನಿಂತಿದ್ದಾನೆ? ಇಬ್ಬರ ನಡುವೆ ಎಷ್ಟು ಹೆಜ್ಜೆ?

ಒಂದು ಅಂತರ ಕಾಲೇಜು ಪಂದ್ಯದಲ್ಲಿ ನಮ್ಮ ತಂಡ ಹೀಗೆ ಪೆಟ್ಟು ತಿಂದಿತ್ತು. ಎದುರಾಳಿ ಸೆಂಟರ್ ಸುಮಾರು 6 ಅಡಿ 7 ಅಂಗುಲ. ಕೈ ಎತ್ತಿ ಸುಮ್ಮನೆ ನಿಂತರೂ ಬೆರಳ ತುದಿಗೂ ರಿಂಗಿಗೂ ನಡುವೆ ಒಂದು ಮೊಳವಷ್ಟೇ. ಪಂದ್ಯ ಮುಗಿದ ಮೇಲೆ ನಾನು ನಮ್ಮ ಗಾರ್ಡ್‌ನನ್ನು ಬೈದೆ. ಮನೆಗೆ ಹೋಗಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಕಂಡದ್ದೇ ಬೇರೆ. ಎಲ್ಲ ಬ್ಲಾಕ್‌ಗಳಲ್ಲೂ ನಮ್ಮ ಸೆಂಟರ್ ಆಯತದ ಅಂಚಿನಲ್ಲೇ ಕೈ ಎತ್ತಿ ಪಾಸ್ ಕೇಳುತ್ತ ನಿಂತಿದ್ದ. ಬ್ಲಾಕರ್ ಅವನನ್ನೂ ಕಾಯುತ್ತ ರಿಂಗನ್ನೂ ಕಾಯುತ್ತಿದ್ದ. ಬೇಕಾದದ್ದು ಒಂದು ಹೆಜ್ಜೆ ಮಾತ್ರ. ನಮ್ಮ ಗಾರ್ಡ್ ಎದುರಿನವನನ್ನು ದಾಟಿ ಅಚ್ಚುಕಟ್ಟಾಗಿ ಒಳಗೆ ಬಂದರೆ ಅಲ್ಲಿ ನಾವೇ ತಂದು ನಿಲ್ಲಿಸಿದ ಕಾವಲುಗಾರ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಮ್ಮ ಸೆಂಟರ್ ಒಳ್ಳೆಯ ಹುಡುಗ, ಹೇಳಿದ ಜಾಗ ಬಿಟ್ಟು ಕದಲುವವನಲ್ಲ. ಆ ಜಾಗ ಹೇಳಿಕೊಟ್ಟವನು ನಾನೇ.

ಆದ್ದರಿಂದ ಬ್ಲಾಕ್ ಆದಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾರು ಎಸೆದರು?" ಎಂದಲ್ಲ, "ಅವನು ಯಾರನ್ನು ಬಿಟ್ಟುಬಂದ, ಬಿಟ್ಟುಬಂದದ್ದಕ್ಕೆ ನಾವು ಏನು ಬೆಲೆ ಕಟ್ಟಿಸಿದೆವು?" ಎಂದು. ಬೆಲೆ ಇಲ್ಲದಿದ್ದರೆ ಅವನು ಪಂದ್ಯದ ಕೊನೆಯವರೆಗೂ ಬರುತ್ತಲೇ ಇರುತ್ತಾನೆ.

ಇಲ್ಲಿ ಟಿವಿಯಲ್ಲಿ ಎನ್‌ಬಿಎ ನೋಡಿ ಬೆಳೆದ ಹುಡುಗರಿಗೆ ಒಂದು ಎಚ್ಚರಿಕೆ. ಬ್ಲಾಕರ್ ರಿಂಗಿನ ಕೆಳಗೆ ಬೇರೂರಿ ನಿಂತರೆ ಅವರು "ತ್ರೀ ಸೆಕೆಂಡ್, ತ್ರೀ ಸೆಕೆಂಡ್" ಎಂದು ರೆಫ್ರಿಗೆ ಕೂಗುತ್ತಾರೆ. ಆಯತದೊಳಗೆ ನಿಲ್ಲಲು ರಕ್ಷಣೆಯ ಆಟಗಾರನಿಗೂ ಮೂರು ಸೆಕೆಂಡಿನ ಮಿತಿ ಇರುವುದು ಎನ್‌ಬಿಎಯಲ್ಲಿ, ಅದೂ 2001-02ರಿಂದ. ನಾವು ಆಡುವುದು ಅಂತರರಾಷ್ಟ್ರೀಯ ಒಕ್ಕೂಟ ಫಿಬಾ ನಿಯಮದಲ್ಲಿ. ಇಲ್ಲಿ 4.9 ಮೀಟರ್ ಅಗಲ, 5.8 ಮೀಟರ್ ಉದ್ದದ ಆ ಆಯತದಲ್ಲಿ ಮೂರು ಸೆಕೆಂಡಿನ ಕಟ್ಟುಪಾಡು ದಾಳಿ ಮಾಡುವ ತಂಡಕ್ಕೆ ಮಾತ್ರ. ಅವನು ಬೇಕಾದರೆ ಅಲ್ಲೇ ಚಾಪೆ ಹಾಸಿಕೊಳ್ಳಬಹುದು. ಎಬ್ಬಿಸುವ ಕೆಲಸ ರೆಫ್ರಿಯದಲ್ಲ, ನಿಮ್ಮದು.

ಎಬ್ಬಿಸಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಹುಡುಗರಿಗೆ ತೋರಿಸುವ ಪಂದ್ಯ ಒಂದಿದೆ: 2021ರ ಜೂನ್ 18ರಂದು ನಡೆದ ಯೂಟಾ ಜಾಝ್ ಮತ್ತು ಲಾಸ್ ಏಂಜಲೀಸ್ ಕ್ಲಿಪರ್ಸ್ ನಡುವಿನ ಪ್ಲೇಆಫ್ ಸರಣಿಯ ಆರನೆಯ ಪಂದ್ಯ. ಜಾಝ್ ಪರ ರಿಂಗ್ ಕಾಯುತ್ತಿದ್ದವರು ರೂಡಿ ಗೊಬೆರ್, ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ. ಆ ಪ್ರಶಸ್ತಿ ಅವರಿಗೆ ಬಂದದ್ದು ಅದು ಮೂರನೆಯ ಸಲ. ಕ್ಲಿಪರ್ಸ್‌ನ ಮುಖ್ಯ ಆಟಗಾರ ಕವಾಯ್ ಲೆನರ್ಡ್ ಮೊಣಕಾಲಿನ ಗಾಯದಿಂದ ಆಡುತ್ತಿರಲಿಲ್ಲ. ಅರ್ಧ ವೇಳೆಗೆ ಜಾಝ್ 72-50ರಿಂದ ಮುಂದಿತ್ತು, ಆಮೇಲೆ ಅಂತರ 25ಕ್ಕೂ ಏರಿತು. ಕ್ಲಿಪರ್ಸ್ ಮಾಡಿದ್ದಿಷ್ಟೆ: ಎತ್ತರದ ಸೆಂಟರ್ ಬೇಡವೆಂದು ಐವರೂ ಹೊರಗಿನಿಂದ ಎಸೆಯಬಲ್ಲವರನ್ನೇ ಅಂಕಣದಲ್ಲಿ ಹರಡಿದರು. ಗೊಬೆರ್ ಕಾಯಬೇಕಾದ ಟೆರೆನ್ಸ್ ಮ್ಯಾನ್ ಮೂಲೆಯಲ್ಲಿ ಹೋಗಿ ನಿಂತರು. ಗಾರ್ಡ್‌ಗಳು ಒಳಗೆ ನುಗ್ಗಿದಾಗ ಗೊಬೆರ್ ರಿಂಗ್ ಕಾಯಲು ಬಂದರೆ ಚೆಂಡು ಮೂಲೆಗೆ, ಮೂಲೆಯಲ್ಲೇ ಉಳಿದರೆ ರಿಂಗ್ ಖಾಲಿ. ಮ್ಯಾನ್ 39 ಪಾಯಿಂಟ್ ಗಳಿಸಿದರು. ದ್ವಿತೀಯಾರ್ಧದಲ್ಲೇ 81 ಪಾಯಿಂಟ್ ಪೇರಿಸಿದ ಕ್ಲಿಪರ್ಸ್ 131-119ರಿಂದ ಪಂದ್ಯವನ್ನೂ 4-2ರಿಂದ ಸರಣಿಯನ್ನೂ ಗೆದ್ದಿತು.

ಆ ರಾತ್ರಿಯ ಬಳಿಕ ಹಲವರು ಗೊಬೆರ್ ಅವರನ್ನು ಹೀಯಾಳಿಸಿದರು. ನನ್ನ ಕಣ್ಣಿಗೆ ಅದು ಅನ್ಯಾಯ. ಅವರ ತಂಡದ ಗಾರ್ಡ್‌ಗಳು ಚೆಂಡಿದ್ದವನನ್ನು ತಡೆಯಲಾಗದೆ ಪ್ರತಿ ಸಲ ಒಳಗೆ ಬಿಟ್ಟರು. ಎರಡು ಮನೆಯ ಕಾವಲಿಗೆ ಒಬ್ಬನೇ ಆಳು. ನಮಗೆ ಬೇಕಾದ ಪಾಠ ಬೇರೆ: ಕ್ಲಿಪರ್ಸ್ ಬ್ಲಾಕರ್‌ಗೆ ಹೆದರಿ ಹೊರಗೇ ಉಳಿಯಲಿಲ್ಲ. ಅವರು ನುಗ್ಗಿದರು. ನುಗ್ಗದಿದ್ದರೆ ಮೂಲೆಯ ಮನುಷ್ಯ ಖಾಲಿಯಾಗುತ್ತಿರಲಿಲ್ಲ. "ಅವನಿದ್ದಾನೆ, ಆದ್ದರಿಂದ ಹೊರಗಿನಿಂದಲೇ ಎಸೆಯೋಣ" ಎಂಬ ತಂಡಗಳು ಅರ್ಧ ಔಷಧ ಕುಡಿದು ಕಾಯಿಲೆ ವಾಸಿಯಾಗಲಿಲ್ಲ ಎನ್ನುತ್ತವೆ.

ನಮ್ಮ ಸೆಂಟರ್‌ಗೆ ಹೊರಗಿನಿಂದ ಎಸೆಯಲು ಬರದಿದ್ದರೆ?

ಕಾಲೇಜು ತಂಡಗಳಲ್ಲಿ ಬಹುಪಾಲು ಇದೇ ಸ್ಥಿತಿ. 6.75 ಮೀಟರ್ ದೂರದ ಮೂರು ಪಾಯಿಂಟ್ ಗೆರೆಯಾಚೆ ನಿಲ್ಲಿಸಿದರೆ ಬ್ಲಾಕರ್ ಅವನತ್ತ ತಿರುಗಿಯೂ ನೋಡುವುದಿಲ್ಲ. ಆಗ ಮಾಡಬಹುದಾದ ಮೂರು ಕೆಲಸಗಳಿವೆ. ನನಗೆ ಹೆಚ್ಚು ಫಲ ಕೊಟ್ಟದ್ದು ಮೊದಲನೆಯದು.

ಅವನನ್ನು ಸ್ಕ್ರೀನ್ ಹಾಕಲು (ಗಾರ್ಡ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಲು) ಮೇಲಕ್ಕೆ ಕಳಿಸಿ. ಚೆಂಡು ಹಿಡಿದ ಗಾರ್ಡ್‌ಗೆ ಮೂರು ಪಾಯಿಂಟ್ ಗೆರೆಯ ಹತ್ತಿರ ಅವನು ಸ್ಕ್ರೀನ್ ಹಾಕಿದರೆ ಬ್ಲಾಕರ್ ಎರಡರಲ್ಲಿ ಒಂದು ಮಾಡಲೇಬೇಕು. ಜೊತೆಗೆ ಮೇಲಕ್ಕೆ ಬಂದರೆ ರಿಂಗಿನಿಂದ ದೂರವಾದ. ಬರದೆ ರಿಂಗಿನ ಬಳಿಯೇ ಉಳಿದರೆ, ಸ್ಕ್ರೀನ್ ದಾಟಿದ ಗಾರ್ಡ್‌ನ ಮುಂದೆ ನಾಲ್ಕೈದು ಮೀಟರ್ ಖಾಲಿ ಜಾಗ: ನಿಂತು ಎಸೆಯಬಹುದು, ಇಲ್ಲವೇ ಎರಡು ಹೆಜ್ಜೆ ಮುಂದೆ ಬಂದು ಫ್ಲೋಟರ್ (ಎತ್ತರದ ಕಮಾನಿನ ಮೆದು ಎಸೆತ) ಹಾಕಬಹುದು. ಆ ಎಸೆತಗಳನ್ನು ಅಭ್ಯಾಸ ಮಾಡದ ಗಾರ್ಡ್‌ಗೆ ಮಾತ್ರ ಇದು ನಿರುಪಯೋಗಿ. ನಮ್ಮಲ್ಲಿ ಅಭ್ಯಾಸವೆಂದರೆ ಒಂದೋ ಲೇಅಪ್, ಇಲ್ಲವೇ ಗೆರೆಯಾಚೆಯಿಂದ ಎಸೆತ. ನಡುವಿನ ನೆಲ ಬೀಳುಬಿದ್ದಿರುತ್ತದೆ.

ಎರಡನೆಯದು, ಸೆಂಟರ್‌ನನ್ನು ಆಯತದ ಅಂಚಿನಿಂದ ತೆಗೆದು ಬೇಸ್‌ಲೈನ್ (ರಿಂಗಿನ ಹಿಂದಿನ ಗಡಿಗೆರೆ) ಪಕ್ಕ, ರಿಂಗ್ ಹೊತ್ತ ಹಲಗೆಗಿಂತ ಸ್ವಲ್ಪ ಆಚೆ ನಿಲ್ಲಿಸುವುದು. ಅಲ್ಲಿ ನಿಂತವನನ್ನೂ ಚೆಂಡನ್ನೂ ಒಟ್ಟಿಗೆ ನೋಡಲು ಬ್ಲಾಕರ್ ಕತ್ತು ತಿರುಗಿಸಬೇಕು. ಅವನು ಡ್ರೈವ್‌ನ ಕಡೆ ಹೆಜ್ಜೆ ಇಟ್ಟ ಕೂಡಲೇ ನಿಮ್ಮ ಸೆಂಟರ್ ರಿಂಗಿನತ್ತ ಎರಡೂ ಕೈ ಮುಂದೆ ಚಾಚಿ ಬರಬೇಕು. ನೆಲಕ್ಕೆ ಬಡಿಸಿದ ಸಣ್ಣ ಪಾಸ್ ಸಾಕು. ಕಾಲು ನೆಟ್ಟು ನಿಂತರೆ ಇದು ಕೆಲಸ ಮಾಡುವುದಿಲ್ಲ.

ಮೂರನೆಯದು ಚೆಂಡನ್ನೇ ಸೆಂಟರ್‌ನ ಕೈಗೆ, ಫ್ರೀ ಥ್ರೋ ಗೆರೆಯ ಮೇಲ್ಭಾಗದಲ್ಲಿ ಕೊಟ್ಟು ಉಳಿದವರು ರಕ್ಷಣೆಯವರ ಬೆನ್ನ ಹಿಂದಿನಿಂದ ರಿಂಗಿಗೆ ನುಸುಳುವುದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತರಬೇತುದಾರ ಪೀಟ್ ಕ್ಯಾರಿಲ್ ಹೆಸರಾಗಿದ್ದು ಇದಕ್ಕೇ. 1996ರ ಮಾರ್ಚ್‌ನಲ್ಲಿ ಅವರ ತಂಡ ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಿಂದ ಸೋಲಿಸಿತು. ಕೊನೆಯ ಬುಟ್ಟಿ ಹೀಗೆ ಬೆನ್ನ ಹಿಂದೆ ನುಸುಳಿ ಹಾಕಿದ ಲೇಅಪ್. ಕಲಿಯಲು ತಿಂಗಳುಗಟ್ಟಲೆ ಬೇಕು. ಮುಂದಿನ ವಾರ ಪಂದ್ಯವಿದ್ದರೆ ಮುಟ್ಟಲು ಹೋಗಬೇಡಿ.

ಕಾಲು ಸರಿಯಿದ್ದೂ ಬ್ಲಾಕ್ ಆಗುತ್ತಿದ್ದರೆ

ಬ್ಲಾಕರ್ ದೂರದಿಂದ ಓಡಿಬಂದ, ತಡವಾಗಿ ಹಾರಿದ, ಆದರೂ ಚೆಂಡು ಸಿಕ್ಕಿತು. ಹಾಗಾದರೆ ದೋಷ ಎಸೆದವನಲ್ಲಿ. ವಿಡಿಯೊವನ್ನು ನಿಧಾನವಾಗಿ ಓಡಿಸಿ ಅವನ ಹೆಜ್ಜೆ ನೋಡಿ.

ಬಹುತೇಕ ಹುಡುಗರು ಎಲ್ಲ ಲೇಅಪ್‌ಗಳನ್ನೂ ಒಂದೇ ತಾಳದಲ್ಲಿ ಹಾಕುತ್ತಾರೆ: ಒಂದು, ಎರಡು, ಹಾರು. ಬ್ಲಾಕರ್‌ಗೆ ಕಣ್ಣು ಮುಚ್ಚಿದರೂ ಆ ತಾಳ ಗೊತ್ತು. ತಾಳ ಮುರಿಯಬೇಕು. ಒಂದೇ ಹೆಜ್ಜೆಗೆ ಚೆಂಡು ಬಿಡುವುದು ಒಂದು ದಾರಿ. ಎರಡೂ ಕಾಲಿಗೆ ಬ್ರೇಕ್ ಹಾಕಿ ನಿಲ್ಲುವುದು ಇನ್ನೊಂದು, ಸಣ್ಣ ಆಟಗಾರರಿಗೆ ನಾನು ಹೆಚ್ಚು ಹೇಳುವುದು ಇದನ್ನೇ. ನಿಂತು, ಚೆಂಡನ್ನು ಹಣೆಯವರೆಗೆ ಎತ್ತಿ ಹುಸಿ ತೋರಿಸಿ. ಆಗ ನಿಮ್ಮ ಮಂಡಿ ಬಾಗಿಯೇ ಇರಲಿ. ಹಲವರು ಹುಸಿ ತೋರಿಸುವಾಗ ತಾವೇ ಹಿಮ್ಮಡಿ ಎತ್ತಿ ನೆಟ್ಟಗಾಗಿಬಿಡುತ್ತಾರೆ, ಆಮೇಲೆ ಹಾರಲು ಶಕ್ತಿಯೇ ಇರುವುದಿಲ್ಲ. ಬ್ಲಾಕರ್ ಮೇಲೆ ಹೋಗಿ ಇಳಿಯುವಾಗ ನೀವು ಏರಬೇಕು.

ದೂರವೂ ಮುಖ್ಯ. ಎತ್ತರದವನಿಗೆ ಬೇಕಾದದ್ದು ನಿಮ್ಮಿಬ್ಬರ ನಡುವೆ ಒಂದು ಮೀಟರ್ ಖಾಲಿ ಜಾಗ, ಓಡಿಬಂದು ಹಾರುವುದಕ್ಕೆ. ಆ ಜಾಗ ಕೊಡಬೇಡಿ. ಒಂದೋ ಎರಡು ಮೂರು ಮೀಟರ್ ದೂರದಲ್ಲೇ, ಅವನು ಕಾಲೂರುವ ಮುಂಚೆ ಫ್ಲೋಟರ್ ಬಿಡಿ. ಇಲ್ಲವೇ ಅವನ ಎದೆಯ ಬಳಿಗೇ ಹೋಗಿ ನಿಂತು ಆಮೇಲೆ ಏರಿ. ನಡುವಿನಲ್ಲಿ ನಿಂತರೆ ಕೆಟ್ಟಿರಿ. ಫೌಲ್ ಸಿಗಲೆಂದು ಮೈಮೇಲೆ ಬೀಳುವುದು ಮಾತ್ರ ಬೇಡ: ಅವನು ತನ್ನ ಜಾಗದಲ್ಲೇ ನೆಟ್ಟಗೆ ಮೇಲಕ್ಕೆ ಹಾರಿದ್ದರೆ ಫೌಲ್ ಅವನದಲ್ಲ, ನಿಮ್ಮದಾಗಬಹುದು.

ನಿಯಮ ನಿಮ್ಮ ಪರ ಇರುವ ಒಂದು ಜಾಗವಿದೆ. ಚೆಂಡು ಪೂರ್ತಿಯಾಗಿ ರಿಂಗ್‌ಗಿಂತ ಮೇಲಿದ್ದು ರಿಂಗಿನತ್ತ ಇಳಿಯುತ್ತಿರುವಾಗ ಅವನು ಮುಟ್ಟುವಂತಿಲ್ಲ. ಅಷ್ಟೇ ಎತ್ತರದಲ್ಲಿ ಹಲಗೆಗೆ ತಾಗಿದ ಮೇಲೂ ಮುಟ್ಟುವಂತಿಲ್ಲ. ಮುಟ್ಟಿದರೆ ಬುಟ್ಟಿ ಬಿದ್ದಂತೆಯೇ ಲೆಕ್ಕ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ಹಲಗೆ ಅದಕ್ಕಿಂತಲೂ 90 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಪಕ್ಕದಿಂದ ಬರುವಾಗ ಚೆಂಡನ್ನು ಹಲಗೆಯ ಮೇಲ್ಭಾಗಕ್ಕೆ ಬೇಗ ತಾಗಿಸಿಬಿಡಿ. ಹಲಗೆಗೆ ತಾಗಿದ ಆ ಕ್ಷಣಕ್ಕೆ ಅವನ ಕೈ ಕಟ್ಟಿದಂತೆ. ಇನ್ನೊಂದು ಆಸರೆ ರಿಂಗೇ: ಒಂದು ಬದಿಯಿಂದ ನುಗ್ಗಿ, ರಿಂಗಿನ ಕೆಳಗೆ ದಾಟಿ, ಇನ್ನೊಂದು ಬದಿಯಿಂದ ಹಾಕಿದರೆ ನಡುವೆ ಕಬ್ಬಿಣ, ಬಲೆ ಎರಡೂ ಅವನ ಕೈಗೆ ಅಡ್ಡ.

ಅವನು ಹಾರಿದಾಗ ಹಿಂದೆ ಯಾರಿದ್ದಾರೆ?

ಬ್ಲಾಕ್ ಮಾಡಲು ಹಾರಿದವನು ರೀಬೌಂಡ್‌ಗೆ (ತಪ್ಪಿ ಪುಟಿದ ಚೆಂಡು ಹಿಡಿಯಲು) ಇಲ್ಲ. ಇದು ಇಡೀ ವಿಷಯದಲ್ಲಿ ಅತಿ ಅಗ್ಗವಾಗಿ ಸಿಗುವ ಲಾಭ, ಆದರೂ ತಂಡಗಳು ಬಿಟ್ಟುಕೊಡುತ್ತವೆ. ಅವನು ಎಸೆಯುವವನತ್ತ ಹೋದ ಮೇಲೆ ಅವನು ಬಿಟ್ಟ ನಿಮ್ಮ ಆಟಗಾರನನ್ನು ತಡೆಯಲು ಇನ್ನು ಯಾರೂ ಇಲ್ಲ, ಇದ್ದರೆ ಅವರ ಪೈಕಿ ಗಿಡ್ಡನೊಬ್ಬ. ಹಲಗೆಗೆ ಎತ್ತರದಲ್ಲಿ ತಾಗಿ ತಪ್ಪಿದ ಫ್ಲೋಟರ್ ಎಷ್ಟೋ ಸಲ ಒಳ್ಳೆಯ ಪಾಸ್. ಆದ್ದರಿಂದ ನಮ್ಮ ತಂಡದಲ್ಲಿ ಒಂದೇ ಕಟ್ಟಳೆ: ಬ್ಲಾಕರ್ ಯಾರನ್ನು ಕಾಯುತ್ತಿದ್ದಾನೋ ಅವನು ಪ್ರತಿ ಎಸೆತಕ್ಕೂ ರೀಬೌಂಡ್‌ಗೆ ಓಡಬೇಕು, ಎಸೆತ ಬೀಳುತ್ತದೆ ಎಂದು ಅನ್ನಿಸಿದರೂ.

ಫೌಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಿಬಾ ನಿಯಮದಲ್ಲಿ ಐದನೆಯ ಫೌಲಿಗೆ ಅವನು ಹೊರಗೆ. ಎರಡನೆಯದು ಬೇಗ ಬಿದ್ದರೆ ಅವರ ಕೋಚ್ ಅವನನ್ನು ಕೂರಿಸಬಹುದು. ಬಂದರೆ ಬರಲಿ, ಅದನ್ನೇ ನಂಬಿ ಕೂರಬೇಡಿ. ಓಟ ಅದಕ್ಕಿಂತ ನಂಬಿಕೆಯ ದಾರಿ: ಅವನು ನಿಮ್ಮ ರಿಂಗಿನ ಕೆಳಗೆ ರೀಬೌಂಡ್‌ಗೆ ಕಾದಾಡಿ ಬಿದ್ದಾಗ ನೀವು ನಾಲ್ಕು ಸೆಕೆಂಡಿನಲ್ಲಿ ಆ ತುದಿ ತಲುಪಿದರೆ ಬ್ಲಾಕ್ ಮಾಡಲು ಅಲ್ಲಿ ಯಾರಿರುತ್ತಾರೆ?

ಪೊರಕೆ ಅಭ್ಯಾಸ

ಇಷ್ಟೆಲ್ಲ ಕಾಗದದ ಮೇಲೆ ಸುಲಭ. ನಿಮ್ಮ ತಂಡದಲ್ಲಿ ಅಷ್ಟು ಎತ್ತರದವನಿಲ್ಲದಿದ್ದರೆ ಅಭ್ಯಾಸ ಯಾರೆದುರು? ಜೇಡರ ಬಲೆ ತೆಗೆಯುವ ಉದ್ದ ಕೋಲಿನ ಪೊರಕೆ ತನ್ನಿ. ಯಾರಾದರೂ ರಿಂಗಿನ ಮುಂದೆ ಅದನ್ನು ಎತ್ತಿ ಹಿಡಿದು ನಿಲ್ಲಲಿ, ಎಸೆತ ಬಂದಾಗ ಬೀಸಲಿ. ಮೊದಲ ದಿನ ನಗು, ಎರಡನೆಯ ದಿನ ಸಿಟ್ಟು, ಒಂದು ವಾರಕ್ಕೆ ಚೆಂಡಿನ ಕಮಾನು ತಾನಾಗಿ ಎತ್ತರವಾಗುತ್ತದೆ. ಪೊರಕೆ ಹಿಡಿದವನು ಕೆಲವೊಮ್ಮೆ ಬೇಕೆಂದೇ ಬೀಸದೆ ಇರಬೇಕು. ಎಸೆಯುವವನು ಪೊರಕೆ ನೋಡುತ್ತಾನೋ ರಿಂಗ್ ನೋಡುತ್ತಾನೋ ಎಂಬುದು ಆಗ ಗೊತ್ತಾಗುತ್ತದೆ.

ಮುಂದಿನ ಪಂದ್ಯದ ವಿಡಿಯೊಗೆ ಅದೇ ಹಾಳೆ, ಅದೇ ಮೂರು ಮನೆ. ಮೂರನೆಯ ಮನೆ ಖಾಲಿಯಾಗುತ್ತ ಬಂದು ಮೊದಲನೆಯದರಲ್ಲಿ ಒಂದೆರಡು ಹೆಚ್ಚಾಗಿದ್ದರೆ ಗಾಬರಿ ಬೇಡ, ಔಷಧ ಹತ್ತುತ್ತಿದೆ. ನುಗ್ಗುವವನಿಗೆ ಒಂದೆರಡು ಬ್ಲಾಕ್ ಬಿದ್ದೇ ಬೀಳುತ್ತವೆ. ಮೂರೂ ಮನೆ ಖಾಲಿ, ಆದರೂ ಪಾಯಿಂಟ್ ಇಲ್ಲ ಎಂದಾದರೆ ನಿಮ್ಮ ತೊಂದರೆ ಬ್ಲಾಕರ್ ಅಲ್ಲ, ಎಸೆತದ ಅಭ್ಯಾಸ. ಈ ಕೈಪಿಡಿಯನ್ನು ಮಡಿಸಿಟ್ಟು ದಿನಾ ಬೆಳಗ್ಗೆ ಅಂಕಣಕ್ಕೆ ಹೋಗಿ.

ಕೊನೆಯ ಒಂದು ತಪಾಸಣೆ ಉಳಿಯಿತು, ನಾನು ಸ್ವತಃ ತಡವಾಗಿ ಕಲಿತದ್ದು. ಬ್ಲಾಕರ್ ವಿಶ್ರಾಂತಿಗೆ ಬೆಂಚಿಗೆ ಹೋದಾಗ ನಿಮ್ಮವರು ಏನು ಮಾಡುತ್ತಾರೆ ನೋಡಿ. ಮೇಲೆ ಹೇಳಿದ ಪಂದ್ಯದ ಮೂರನೆಯ ಕ್ವಾರ್ಟರ್‌ನಲ್ಲಿ ಅವನು ಸಾಕಷ್ಟು ಹೊತ್ತು ಹೊರಗಿದ್ದ. ಅಷ್ಟೂ ಹೊತ್ತು ನಮ್ಮ ಹುಡುಗರು ಆಯತದ ಅಂಚಿಗೆ ಬಂದು ಬಂದು ತಿರುಗಿ ಹೊರಗೆ ಹೋಗುತ್ತಲೇ ಇದ್ದರು. ಅವನು ಬೆಂಚಿನಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ನೀರು ಕುಡಿಯುತ್ತಿದ್ದ. ಅದು ನನ್ನ ಕಣ್ಣಿಗೆ ಬಿದ್ದದ್ದೂ ಮನೆಗೆ ಬಂದು ವಿಡಿಯೊ ನೋಡಿದಾಗಲೇ.